ಒದ್ದೆ ಮಣ್ಣು ಮೆತ್ತಿದವಳು

ಸುರಪುರದ ಮಕ್ತುಂಬಿ ನಲವತ್ತಾರು ವರ್ಷ ಗೋಡೆಯ ಕೆಲಸ ಮಾಡಿದ್ದಾಳೆ. ಸುರಪುರ, ಶಹಾಪುರ, ಯಾದಗಿರಿಗಳ ಹಳೇ ಕಟ್ಟಡಗಳಲ್ಲಿ ಅವಳ ಅಂಗೈ ತಾಗದ ಗೋಡೆ ಹುಡುಕುವುದೇ ಕಷ್ಟ. ಆದರೆ ಅಷ್ಟೂ ವರ್ಷದಲ್ಲಿ ಒಂದು ಕಾಗದದ ಮೇಲೂ ಅವಳ ಹೆಸರು ಬರಲಿಲ್ಲ. ಹಾಜರಿ ಪಟ್ಟಿಯಲ್ಲಿ ‘ಹೆಣ್ಣಾಳು ಮೂರು’ ಎಂದು ಬರೆದರೆ ಆ ಮೂವರಲ್ಲಿ ಅವಳೂ ಒಬ್ಬಳು, ಅಷ್ಟೇ. ಹೋದ ಫೆಬ್ರುವರಿಯಲ್ಲಿ ಮೊಟ್ಟಮೊದಲ ಬಾರಿಗೆ ಅವಳ ಹೆಸರು ಅಚ್ಚಾಯಿತು. ಯಾದಗಿರಿಯ ಕಚೇರಿಗೆ ಹೋದ ಹದಿನಾಲ್ಕು ಪುಟದ ವರದಿಯ ಒಂಬತ್ತನೇ ಪುಟದಲ್ಲಿ, ‘ಹಾನಿಗೆ ಕಾರಣ’ ಎಂಬ ತಲೆಬರಹದ ಕೆಳಗೆ.

‘ಮಕ್ತುಂಬಿ ಎಂಬ ಕೂಲಿ ಹೆಣ್ಣಾಳು ಅನುಮತಿಯಿಲ್ಲದೆ ಗೋಡೆಗೆ ಒದ್ದೆ ಮಣ್ಣು ಮೆತ್ತಿದ್ದರಿಂದ ತೇವ ಒಳಸೇರಿ ಚಿತ್ರವು ಉದುರಿರುತ್ತದೆ. ಸದರಿಯವರನ್ನು ಇನ್ನು ಮುಂದೆ ಹಳೆಯ ಕಟ್ಟಡಗಳ ಕೆಲಸಕ್ಕೆ ತೆಗೆದುಕೊಳ್ಳತಕ್ಕದ್ದಲ್ಲ.’

ಕೆಳಗೆ ಐದು ಸಹಿ. ಐವರಲ್ಲಿ ನಾಲ್ವರು ಓದಿದವರು, ಪದವಿ ಪಡೆದವರು. ಸಹಿ ಹಾಕುವ ಮುಂಚೆ ಬರೆದದ್ದನ್ನು ಆ ಗೋಡೆಯ ಮುಂದೆ ನಿಂತು ಓದಿ ನೋಡೋಣ ಎಂದು ಒಬ್ಬರಿಗೂ ಅನ್ನಿಸಲಿಲ್ಲ.

ಈ ಮಾತಿನಲ್ಲಿ ಎಷ್ಟು ಸುಳ್ಳಿದೆ ಎಂದು ತಿಳಿಯಬೇಕಾದರೆ ಮಕ್ತುಂಬಿ ಯಾರೆಂದು ಮೊದಲು ತಿಳಿಯಬೇಕು. ಹನ್ನೆರಡನೇ ವಯಸ್ಸಿಗೆ ಅವಳು ತಾಯಿಯ ಜೊತೆ ಸುಣ್ಣದ ಗಾರೆ ಅರೆಯುವ ಗಚ್ಚಿನ ಗಾಣಕ್ಕೆ ಹೋದಳು. ಎತ್ತು ಸುತ್ತು ಹಾಕುತ್ತಿತ್ತು, ಕಲ್ಲಿನ ಗಾಲಿ ಸುಣ್ಣ ಮರಳನ್ನು ಅರೆಯುತ್ತಿತ್ತು, ಹುಡುಗಿ ಎತ್ತಿನ ಹಿಂದೆ ನಡೆಯುತ್ತಾ ಬೆಲ್ಲದ ನೀರು, ಅಳಲೆಕಾಯಿ ನೀರು ಹೊಯ್ಯುತ್ತಿದ್ದಳು. ಎಷ್ಟು ಸುತ್ತಿಗೆ ಗಚ್ಚು ಬೆಣ್ಣೆಯಾಗುತ್ತದೆ ಎಂಬುದನ್ನು ಕಣ್ಣು ಮುಚ್ಚಿ, ಗಾಲಿಯ ಸದ್ದಿನ ಮೇಲೆ ಹೇಳುತ್ತಿದ್ದಳು. ಮುಂದೆ ಲಾಡ್ಲೇಸಾಬನನ್ನು ಮದುವೆಯಾದಳು. ಅವನು ಗೌಂಡಿ. ನಮ್ಮ ಕಡೆ ಗೋಡೆ ಕಟ್ಟುವ, ಗಿಲಾವ್ ಮಾಡುವ ಕಸಬುದಾರನಿಗೆ ಗೌಂಡಿ ಅನ್ನುತ್ತಾರೆ. ಹೆಂಗಸು ಅದೇ ಕೆಲಸ ಎಷ್ಟೇ ಬಲ್ಲವಳಾಗಿರಲಿ, ಅವಳು ಆಳು. ಲಾಡ್ಲೇಸಾಬನ ಗಚ್ಚಿನಲ್ಲಿ ಮುಖ ಕಾಣುತ್ತದೆ ಎಂದು ಊರೆಲ್ಲ ಹೊಗಳುತ್ತಿತ್ತು. ಗಚ್ಚು ಬಳಿಯುತ್ತಿದ್ದವನು ಅವನು ಹೌದು, ಆದರೆ ಹೊಳೆಯ ನುಣುಪುಕಲ್ಲು ಹಿಡಿದು ಮೂರು ಮೂರು ದಿನ ಉಜ್ಜಿ ಮುಖ ಕಾಣಿಸುತ್ತಿದ್ದವಳು ಇವಳು. ಅದನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಲಾಡ್ಲೇಸಾಬ ತೀರಿಕೊಂಡು ಒಂಬತ್ತು ವರ್ಷವಾಯಿತು. ಅವನ ಜಾಗಕ್ಕೆ ಬಂದವನು ಬಾಲಪ್ಪ. ಈ ಬಾಲಪ್ಪ ಸಗರದಿಂದ ಕೆಲಸ ಹುಡುಕಿಕೊಂಡು ಬಂದಾಗ ಅವನಿಗೆ ಕರಣೆ ಹಿಡಿಯಲೂ ಬರುತ್ತಿರಲಿಲ್ಲ. ಮಕ್ತುಂಬಿ ಅವನ ಕೈ ಹಿಡಿದು, ಬೈದು, ಎರಡು ಸಲ ಬೆರಳ ಮೇಲೆ ಹೊಡೆದೂ ಕಲಿಸಿದಳು. ಈಗ ಅವನು ಗೌಂಡಿ, ಇವಳು ಅವನ ಕೈಕೆಳಗೆ ಹೆಣ್ಣಾಳು. ಲೋಕ ಹೀಗೆ ನಡೆಯುತ್ತದೆ, ನಡೆಸುವವರಿಗೆ ನಾಚಿಕೆಯಿಲ್ಲ.

ಅವಳಿಗೆ ಇನ್ನೊಂದು ವಿದ್ಯೆ ಇತ್ತು. ಅದನ್ನು ಅವಳ ತಾಯಿ ಕಲಿಸಿದ್ದು. ನಮ್ಮ ಭಾಗದಲ್ಲಿ ಕಾಲುವೆ ನೀರು ಬಂದ ಮೇಲೆ ಹೊಲಗಳಿಗೆ ಸವಳು ಹತ್ತಿತಲ್ಲ, ಹಾಗೆಯೇ ಮನೆಗಳಿಗೂ ಹತ್ತಿತು. ನೆಲದ ನೀರು ಉಪ್ಪನ್ನು ಕರಗಿಸಿಕೊಂಡು ಗೋಡೆಯೊಳಗೆ ಏರುತ್ತದೆ. ನೀರು ಆರಿ ಹೋಗುತ್ತದೆ, ಉಪ್ಪು ಕಲ್ಲಿನ, ಗಚ್ಚಿನ ಸಣ್ಣ ತೂತುಗಳಲ್ಲಿ ಕೂತು ಹರಳು ಕಟ್ಟುತ್ತದೆ. ಹರಳು ಬೆಳೆದಂತೆ ಜಾಗ ಸಾಲದೆ ಗೋಡೆಯನ್ನೇ ನೂಕುತ್ತದೆ. ಕಲ್ಲೂ ಹಿಟ್ಟಾಗುತ್ತದೆ. ಸವಳು ಹತ್ತಿದ ಗೋಡೆ ಕಂಡರೆ ಮಕ್ತುಂಬಿ ಮೊದಲು ಉಗುರಿನಿಂದ ಚೂರು ಕೆರೆದು ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿ, ಥೂ ಎಂದು ಉಗುಳುತ್ತಾಳೆ. ಉಪ್ಪು ಮೂರು ಬಗೆ ಎಂಬುದು ಅವಳ ಲೆಕ್ಕ. ಒಂದು ಊಟದ ಉಪ್ಪು. ಇನ್ನೊಂದು ನಾಲಿಗೆಗೆ ತಣ್ಣಗೆ ತಾಗುವ ಪೆಟ್ಲುಪ್ಪು, ದನ ಕಟ್ಟಿದ ಕಡೆ ಬರುವಂಥದ್ದು. ಮೂರನೆಯದು ಕಹಿ ಉಪ್ಪು. ಅದು ಎಲ್ಲಕ್ಕಿಂತ ಕೆಟ್ಟದ್ದು, ಚಳಿ ಬಿದ್ದರೆ ರಾತ್ರೋರಾತ್ರಿ ಹರಳು ಕಟ್ಟುತ್ತದೆ.

ಇದೇ ಸವಳಿಗೆ ಕಂಪನಿಯವರು ಹೊಡೆಯುವ ಹೊಸ ಔಷಧವನ್ನು ಅವಳು ಮೊದಲು ಕಂಡದ್ದು ಶಹಾಪುರದಲ್ಲಿ. ಅಲ್ಲೊಂದು ಹಳೇ ಉಪ್ಪಿನ ಕೋಠಿ. ಮೂರು ತಲೆಮಾರು ಉಪ್ಪಿನ ಚೀಲ ಒರಗಿಸಿ ಒರಗಿಸಿ ಕಲ್ಲೆಲ್ಲ ಉಪ್ಪು ಕುಡಿದಿತ್ತು. ದುರಸ್ತಿ ಹಿಡಿದ ಕಂಪನಿಯ ಹುಡುಗ ಚೇತನಕುಮಾರ ಬಾಟಲಿಯಿಂದ ತಿಳಿಹಳದಿ ಔಷಧ ಸುರಿದು, ನೀರಿನಲ್ಲಿ ಬೆರೆಸಿ ಗೋಡೆಗೆ ಹೊಡೆಸಿದ. ನಾಲ್ಕೇ ದಿನಕ್ಕೆ ಗೋಡೆಯ ಮೇಲೆಲ್ಲ ಅರಳೆಯಂತೆ ಬಿಳಿ ಉಪ್ಪು ಎದ್ದಿತು. ಕಸಬರಿಗೆಯಿಂದ ಉಡುಗಿದರೆ ಉಪ್ಪು ಕೆಳಗೆ, ಕಲ್ಲು ಗಟ್ಟಿ. ಮಕ್ತುಂಬಿ ಬಾಯಿ ಬಿಟ್ಟು ನೋಡಿದಳು. ಸಂಜೆ ಮನೆಗೆ ಬಂದು ಪಕ್ಕದ ಮನೆಯ ಕಸ್ತೂರಿಯ ಮುಂದೆ ಹೊಗಳಿದ್ದೇ ಹೊಗಳಿದ್ದು. ಕಸ್ತೂರಿ ಡಿಗ್ರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು, ಬಾಡಿಗೆಗೆ ಬಂದು ಆರು ವರ್ಷವಾಗಿತ್ತು.

“ಮೇಡಮ್ರ, ನಮ್ಮವ್ವ ಇದ್ದಿದ್ರ ಆ ಹುಡುಗನ ಕೈಗೆ ಮುತ್ತು ಕೊಡ್ತಿದ್ಳು” ಎಂದಳು.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಕೆಲವರು ‘ಹಳೇ ಮುದುಕಿ, ಹೊಸ ವಿದ್ಯೆ ಕಂಡರೆ ಆಗುವುದಿಲ್ಲ’ ಎಂದು ಸಾರಿಕೊಂಡು ತಿರುಗಿದರು. ಅವರ ಬಾಯಿ ಮುಚ್ಚಲಿ ಎಂದು ಹೇಳಿದೆ.

ಆಮೇಲೆ ಸುರಪುರದ ಕೆಲಸ ಬಂತು. ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಹಳೇ ವಾಡೆ ಇದೆ, ವಾರಸುದಾರರಿಲ್ಲದೆ ಸರ್ಕಾರಕ್ಕೆ ಸೇರಿದ್ದು. ಅದನ್ನು ವಾಚನಾಲಯ ಮಾಡುವುದೆಂದು ತೀರ್ಮಾನವಾಗಿ, ಅದೇ ಕಂಪನಿಗೆ ದುರಸ್ತಿ ಸಿಕ್ಕಿತು. ವಾಡೆಯ ನಡುಮನೆಯಲ್ಲಿ ಹದಿನಾರು ಅಡಿ ಅಗಲದ ಗಚ್ಚಿನ ಗೋಡೆಯ ಮೇಲೆ ಒಂದು ಚಿತ್ರ. ಸುತ್ತ ಬಳ್ಳಿಯ ಅಂಚು. ಎಡಗಡೆ ಒಬ್ಬ ಹೆಣ್ಣುಮಗಳು ಗಿಳಿಗೆ ಪೇರಲ ಹಣ್ಣು ತಿನ್ನಿಸುತ್ತಿದ್ದಾಳೆ, ಬಲಕ್ಕೆ ಅವಳ ಗೆಳತಿಯರು, ಕಾರಂಜಿ, ನವಿಲು, ಒಂದು ಜೋಡಿ ಚಿಗರೆ. ಅಲ್ಲಲ್ಲಿ ಚಿನ್ನದ ರೇಕು. ಗೋಡೆಯ ಬುಡದಲ್ಲಿ ಮೊಣಕಾಲೆತ್ತರಕ್ಕೆ ಗಚ್ಚು ಹುಡಿಯಾಗಿತ್ತು. ಹನ್ನೊಂದು ವರ್ಷದ ಹಿಂದೆ ಯಾವನೋ ಪುಣ್ಯಾತ್ಮ ಗುತ್ತಿಗೆದಾರ ಹೊರಗಡೆಯಿಂದ ಆಳೆತ್ತರ ಸಿಮೆಂಟು ಬಳಿದು ಬಿಲ್ಲು ಎತ್ತಿಕೊಂಡು ಹೋಗಿದ್ದ. ಅದರ ಬುಡಕ್ಕೇ ಚರಂಡಿ ಬೇರೆ, ನೀರು ಹೊರಗೆ ಆರಲು ದಾರಿಯಿಲ್ಲದೆ ಒಳಗಿನ ಚಿತ್ರದ ಕಡೆಗೇ ಏರುತ್ತಿತ್ತು.

ಮಕ್ತುಂಬಿ ಚೂರು ಕೆರೆದು ನಾಲಿಗೆಗೆ ಹಚ್ಚಿದಳು. ಮುಖ ಕಿವುಚಿಕೊಂಡಳು.

“ಸಾಹೇಬ್ರ, ಇದು ಶಹಾಪುರದ ಉಪ್ಪಲ್ಲರಿ. ಇದು ಕಹಿ ಅದ” ಎಂದಳು ಚೇತನಕುಮಾರನಿಗೆ.

“ಅಯ್ಯೋ, ಗೋಡೆ ನೆಕ್ತೀರಲ್ಲಮ್ಮ, ಥೂ!” ಎಂದು ಅವನು ನಕ್ಕ. ಅವನು ಮೈಸೂರಿನ ಕಡೆಯವನು, ಸ್ವಭಾವದಲ್ಲಿ ಕೆಟ್ಟವನಲ್ಲ, ಅವಸರದವನು. “ಟೆಸ್ಟ್ ಮಾಡಿದೀವಿ ಕಣಮ್ಮ, ಬಣ್ಣ ಬದಲಾಗೋ ಕಾಗದದ ಪಟ್ಟಿ ಅದ್ದಿ ನೋಡಿದೀವಿ. ಉಪ್ಪಿದೆ ಅಂತ ಬಂದಿದೆ.”

“ಯಾವ ಉಪ್ಪಂತ ಬಂದದ್ರಿ?”

ಅವನ ಡಬ್ಬಿಯಲ್ಲಿದ್ದ ಪಟ್ಟಿಗಳಿಗೆ ಗೊತ್ತಾಗುತ್ತಿದ್ದುದು ಊಟದ ಉಪ್ಪೊಂದೇ. ಊಟದ ಉಪ್ಪು ಇಲ್ಲದ ಹಳೇ ಗೋಡೆ ನಮ್ಮ ಸೀಮೆಯಲ್ಲಿ ಎಲ್ಲಿದೆ? ಚೂರುಪಾರು ಇತ್ತು, ಪಟ್ಟಿ ಬಣ್ಣ ತೋರಿಸಿತು, ಅಲ್ಲಿಗೆ ಪರೀಕ್ಷೆ ಮುಗಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯರು ಊರೂರಿಗೆ ಇದ್ದಾರೆ. ಇವನೂ ಒಬ್ಬ.

ಮಕ್ತುಂಬಿ ಬಿಡಲಿಲ್ಲ. ಕಹಿ ಉಪ್ಪಿಗೆ ಅವಳ ತಾಯಿಯ ದಾರಿ ಲೇಪ. ಗೋಡೆಗೆ ಹಳೇ ಧೋತರದ ತೆಳು ಬಟ್ಟೆ ಅಂಟಿಸಿ, ಅದರ ಮೇಲೆ ನೆನೆಸಿ ಕುಟ್ಟಿದ ಕಾಗದವನ್ನೂ ತೊಳೆದ ಕೆರೆಮಣ್ಣನ್ನೂ ಕಲಸಿ ಮೆತ್ತಬೇಕು. ಲೇಪದ ನೀರಿಗೆ ಗೋಡೆಯ ಉಪ್ಪು ಕರಗುತ್ತದೆ, ಲೇಪ ಆರುತ್ತಾ ಆ ಉಪ್ಪನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಒಣಗಿದ ಮೇಲೆ ಬಿಚ್ಚಿ, ಹೊರಗೆ ಚೆಲ್ಲಿ, ಮತ್ತೆ ಹೊಸದು. ಮಣ್ಣಿಗೆ ನಾಲಿಗೆ ಹಚ್ಚಿದರೆ ಕಹಿ ಬರದಾಗುವವರೆಗೂ ಹೀಗೆಯೇ. ಇಡೀ ಗೋಡೆಗೆ ಎರಡು ತಿಂಗಳು ಬೇಕು.

ಆದರೆ ಮಣ್ಣು ಎಲ್ಲಿಂದ ತರುವುದು? ಸುತ್ತಲಿನ ಮಣ್ಣೆಲ್ಲ ಸವಳು. ಅವಳ ಮಗಳನ್ನು ಹತ್ತಿಕುಣಿಗೆ ಕೊಟ್ಟಿದ್ದರು. ಅಲ್ಲಿಯ ಕೆರೆಯ ಹೂಳು ಸಪ್ಪಗಿರುತ್ತದೆ. ಮಗಳಿಗೆ ಫೋನು ಮಾಡಿ, ಎರಡು ಚೀಲ ಹೂಳು ಬಸ್ಸಿನ ಮೇಲೆ ಹಾಕಿಸಿ ತರಿಸಿದಳು. ಕಂಡಕ್ಟರು ಮಣ್ಣಿಗೂ ಲಗೇಜು ಟಿಕೀಟು ಹರಿದ. ಬೋರಿನ ನೀರೂ ಸವಳೇ, ಅದನ್ನು ಹಾಕಿದರೆ ಉಪ್ಪು ತೆಗೆಯುವ ಬದಲು ಉಪ್ಪು ಕುಡಿಸಿದಂತೆ. ಹಾಗಾಗಿ ಓಣಿಯ ತುದಿಯ ಶುದ್ಧ ನೀರಿನ ಘಟಕದಿಂದ ಕ್ಯಾನು ಹೊತ್ತು ತಂದಳು. ಬಾಲಪ್ಪ ಹೊಟ್ಟೆ ಹಿಡಿದು ನಕ್ಕ.

“ಏ ಮಕ್ತುಂಬಿ, ಮನಷ್ಯಾರಿಗೇ ಫಿಲ್ಟರ್ ನೀರಿಲ್ಲ, ಗ್ವಾಡಿಗಿ ಫಿಲ್ಟರ್ ನೀರಾ? ನಾಳಿ ಗ್ವಾಡಿಗಿ ಚಾ ಕೇಳ್ತಿ ನೀ!”

“ನಗು, ನಗು. ನಿನ್ನ ಹಲ್ಲ ಗಟ್ಟಿ ಅವ ಅಂತ ನಗಾಕತ್ತಿ” ಎಂದಳು ಅವಳು.

ಚೇತನಕುಮಾರ ಊರಲ್ಲಿಲ್ಲದ ದಿನಗಳು, ಅವಳು ಎಡ ಅಂಚಿನಿಂದ ಶುರು ಮಾಡಿದಳು. ನಾಲ್ಕಡಿ ಅಗಲ, ನೆಲದಿಂದ ತಲೆಯೆತ್ತರದವರೆಗೆ. ಹನ್ನೆರಡು ದಿನದಲ್ಲಿ ಮೂರು ಸಲ ಮೆತ್ತಿ ಮೂರು ಸಲ ಬಿಚ್ಚಿದಳು. ಮೊದಲ ಸಲದ ಮಣ್ಣು ವಿಷದಷ್ಟು ಕಹಿ, ಮೂರನೇ ಸಲದ್ದು ಬರೀ ಮಣ್ಣಿನ ರುಚಿ. ನಾಲ್ಕಡಿ ಗೋಡೆಗೆ ಗುಣವಾಯಿತು ಎಂದು ಅವಳಿಗೆ ಖಾತ್ರಿಯಾಯಿತು. ಬಲಕ್ಕೆ ಸರಿಯಬೇಕು ಅನ್ನುವಷ್ಟರಲ್ಲಿ ಚೇತನಕುಮಾರ ಬಂದ.

“ಏನಮ್ಮ ಇದು ಕೆಸರು? ಯಾರು ಹೇಳಿದ್ದು ನಿಮಗೆ? ಜನವರಿಗೆ ಉದ್ಘಾಟನೆ ಇದೆ. ಎರಡು ತಿಂಗಳು ಮಣ್ಣು ಮೆತ್ತುತ್ತಾ ಕೂತರೆ ಆಗುತ್ತಾ?”

“ಉಪ್ಪು ತೆಗದ ಮ್ಯಾಲ ಔಷಧ ಹೊಡೀರಿ ಸಾಹೇಬ್ರ, ಬ್ಯಾಡನ್ನಂಗಿಲ್ಲ. ಒಳಗಿಂದು ಒಳಗ ಇಟ್ಟು ಬಾಯಿ ಕಟ್ಟಬ್ಯಾಡ್ರಿ.”

“ಬಾಲಪ್ಪ, ಇವರಿಗೆ ಹೊರಗಿನ ಕೆಲಸ ಕೊಡಿ” ಎಂದ ಅವನು. ಬಾಲಪ್ಪ “ಆತ್ರೀ ಸರ್” ಎಂದ. ಮಕ್ತುಂಬಿಯನ್ನು ಅಂಗಳದ ಕಲ್ಲು ಸಾಗಿಸಲು ಹಚ್ಚಿದರು. ಐವತ್ತೆಂಟು ವರ್ಷದ ಹೆಂಗಸು, ಗೋಡೆಯ ನಾಡಿ ಬಲ್ಲವಳು, ಬುಟ್ಟಿಯಲ್ಲಿ ಕಲ್ಲು ಹೊತ್ತಳು.

ನವೆಂಬರಿನಲ್ಲಿ ಇಡೀ ಗೋಡೆಗೆ ಔಷಧ ಹೊಡೆದರು. ಮೂರು ವಾರ ಕಾದರೂ ಶಹಾಪುರದಂತೆ ಬಿಳಿ ಅರಳೆ ಏಳಲಿಲ್ಲ. ‘ಕಡಿಮೆಯಾಯಿತೇನೋ’ ಎಂದು ಚೇತನಕುಮಾರ ಮತ್ತಷ್ಟು ಗಟ್ಟಿಯಾಗಿ ಬೆರೆಸಿ ಎರಡನೇ ಸಲ ಹೊಡೆಸಿದ. ಗೋಡೆ ನುಣ್ಣಗೆ, ಒಂದು ಚುಕ್ಕೆಯಿಲ್ಲದೆ ನಿಂತಿತು. ಮೇಲಿನವರಿಗೆ ಫೋಟೋ ಹೋಯಿತು, ಶಹಬ್ಬಾಸ್ ಬಂತು. ಮಕ್ತುಂಬಿ ಮಾತ್ರ ಊಟದ ಹೊತ್ತಿನಲ್ಲಿ ಒಳಗೆ ಹೋಗಿ ಗೋಡೆಗೆ ಬೆರಳು ಬಡಿದು ಕೇಳುತ್ತಿದ್ದಳು. ದಿನದಿನಕ್ಕೆ ಸದ್ದು ಟೊಳ್ಳಾಗುತ್ತಿತ್ತು. ಬಾಲಪ್ಪನಿಗೆ ಹೇಳಿದಳು. ಅವನು “ಸುಮ್ಮನಿರು, ನಿನ್ನ ಕಾಲು ಬೀಳ್ತೀನಿ” ಎಂದ.

ಡಿಸೆಂಬರಿನ ಮೂರನೇ ವಾರ ಥಂಡಿ ಬಿತ್ತು. ನಮ್ಮ ಬಿಸಿಲೂರಿನಲ್ಲಿ ಜನ ಶಾಲು ಹೊದ್ದು ಬೆಂಕಿ ಕಾಯಿಸಿದರು. ಬೆಳಿಗ್ಗೆ ಬಾಗಿಲು ತೆರೆದಾಗ ನಡುಮನೆಯ ನೆಲದ ಮೇಲೆ ನವಿಲು ಬಿದ್ದಿತ್ತು. ಕಾರಂಜಿ ಬಿದ್ದಿತ್ತು. ಅವರು ನೋಡುತ್ತಿದ್ದಂತೆಯೇ ಚಿಗರೆಯ ಕೊಂಬು ಕಳಚಿ ಕೆಳಗುರುಳಿತು. ಬಿದ್ದ ಚಕ್ಕೆಗಳ ಬೆನ್ನಿಗೆ ಬೆರಳ ದಪ್ಪ ಬಿಳಿ ಹರಳಿನ ಪದರ. ಮಕ್ತುಂಬಿ ಬುಟ್ಟಿ ಇಳಿಸಿ ಅಲ್ಲೇ ಕೂತು ಅತ್ತಳು. ಗಂಡ ಸತ್ತ ಮೇಲೆ ಅವಳು ಅತ್ತದ್ದನ್ನು ಯಾರೂ ಕಂಡಿರಲಿಲ್ಲ.

ಬಿದ್ದ ಚಕ್ಕೆಗಳಲ್ಲಿ ನಾಲ್ಕನ್ನು ಅವಳು ಸೆರಗಿನಲ್ಲಿ ಕಟ್ಟಿಕೊಂಡಳು. ಅಂಗಳಕ್ಕೆ ಎಸೆದಿದ್ದ ಬಾಟಲಿಯಲ್ಲಿ ತಳಕ್ಕೆ ಉಳಿದಿದ್ದ ಔಷಧವನ್ನೂ ತಂದಳು. ಕಸ್ತೂರಿಯ ಕೈಗೆ ಕೊಟ್ಟು, “ಮೇಡಮ್ರ, ನನಗ ತಿಳಿದಷ್ಟು ನಾಲಿಗಿಲೆ ತಿಳದೀನಿ. ಉಳಿದದ್ದು ನೀವು ತಿಳಕೊಂಡು ಹೇಳ್ರಿ” ಎಂದಳು.

ಕಸ್ತೂರಿ ಕಾಲೇಜಿನ ಪ್ರಯೋಗಶಾಲೆಯಲ್ಲಿ ಹದಿನೈದು ದಿನ ಮಾಡಿ ನೋಡಿದಳು. ಚಕ್ಕೆಗಳ ಹರಳು ಕಹಿ ಉಪ್ಪೇ ಎಂದು ಮೊದಲು ಖಾತ್ರಿ ಮಾಡಿಕೊಂಡಳು. ಹಳೇ ಗಚ್ಚಿನ ಎರಡು ತುಂಡು ತಗೊಂಡು ಎರಡನ್ನೂ ಕಹಿ ಉಪ್ಪಿನ ನೀರಿನಲ್ಲಿ ನೆನೆಸಿದಳು, ಒಂದಕ್ಕೆ ಮಾತ್ರ ಔಷಧ ಸೇರಿಸಿದಳು, ಆರಲು ಬಿಟ್ಟು ಆಮೇಲೆ ತಂಪಿಗೆ ಇಟ್ಟಳು. ಔಷಧವಿಲ್ಲದ ತುಂಡಿನ ಮೇಲ್ಮೈ ಸ್ವಲ್ಪ ಹುಡಿಯಾಗಿತ್ತು. ಔಷಧ ಕುಡಿದ ತುಂಡು ನಡುವೆ ಸೀಳಿ ಎರಡಾಗಿತ್ತು. ಅದನ್ನು ಮಕ್ತುಂಬಿಯ ಪಡಸಾಲೆಯಲ್ಲಿ ಇಟ್ಟು ತೋರಿಸಿದಳು. ಮಕ್ತುಂಬಿಯನ್ನು ಅವಳು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದಳು.

“ನೋಡ್ರಿ ಖಾಲಾ, ಈ ಔಷಧದ ಕೆಲಸ ಉಪ್ಪಿಗಿ ಹರಳು ಕಟ್ಟಾಕ ಬಿಡದಂಗ ತಡಿಯೂದು. ಊಟದ ಉಪ್ಪಾದ್ರ, ತಡದಷ್ಟು ಹೊತ್ತು ಅದು ನೀರಿನ ಕೂಡ ಗ್ವಾಡಿ ಮುಖದ ತನಕ ಬರ್ತದ, ಹೊರಗ ಬಂದು ಹರಳಾಗ್ತದ. ಉಡುಗಿದ್ರ ಮುಗೀತು.”

“ಮತ್ತ ಕಹೀದು?”

“ಅದನ್ನೂ ತಡೀತು, ಆದ್ರ ಒಳಗೇ ತಡೀತು. ದಿನಾ ಚೂರು ಚೂರು ಕಟ್ಟಿದ್ರ ಚೂರು ಚೂರು ಉದುರ್ತಿತ್ತು. ತಡದು ತಡದು, ಥಂಡಿ ಬಿದ್ದ ದಿನ ಎಲ್ಲಾ ಒಮ್ಮಿಗೇ ಕಟ್ಟಿ, ಚಿತ್ರಾನೇ ನೂಕಿ ಒಗೀತು. ಔಷಧ ಸುಳ್ಳಲ್ಲ ಖಾಲಾ. ಯಾವ ರೋಗಕ್ಕ ಕೊಟ್ರೋ ಆ ರೋಗ ಸುಳ್ಳು.”

ಇಷ್ಟಾದರೂ ಮಕ್ತುಂಬಿ ಯಾರ ಮೇಲೂ ದೂರು ಹೇಳಲಿಲ್ಲ. ಚಿತ್ರ ಹೋಯಿತು, ತಪ್ಪು ಮಾಡಿದವರಿಗೆ ತಾವು ಮಾಡಿದ್ದು ತಿಳಿದಿರುತ್ತದೆ, ಮುಂದೆ ಹುಷಾರಾಗಿರುತ್ತಾರೆ ಎಂದುಕೊಂಡಳು. ಒಳ್ಳೆಯವರ ದಡ್ಡತನ ಇದು. ಇತ್ತ ಕಂಪನಿ ತನ್ನ ಚರ್ಮ ಉಳಿಸಿಕೊಳ್ಳುವ ಕಾಗದ ಸಿದ್ಧ ಮಾಡುತ್ತಿತ್ತು. ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುತ್ತಾರಲ್ಲ, ಇಲ್ಲಿ ನೆಲದ ಬದಲು ಒಬ್ಬ ಬಡ ಹೆಂಗಸು ಸಿಕ್ಕಳು.

ಫೆಬ್ರುವರಿಯ ಒಂದು ಬೆಳಿಗ್ಗೆ ಕೆಲಸಕ್ಕೆ ಹೋದರೆ ಬಾಲಪ್ಪ ಬಾಗಿಲಲ್ಲೇ ತಡೆದ. ಮುಖ ನೋಡದೆ, “ನಿನಗ ಬರಬ್ಯಾಡ ಅಂದಾರ. ಕಾಗದ ಆಗ್ಯದ” ಎಂದ. ಯಾಕೆ ಎಂದರೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಕೊನೆಗೆ ಕಸ್ತೂರಿ ಅರ್ಜಿ ಹಾಕಿ ವರದಿಯ ಪ್ರತಿ ತರಿಸಿದಳು. ಒಂಬತ್ತನೇ ಪುಟವನ್ನು ಓದಿ ಹೇಳಿದಳು. ಮಕ್ತುಂಬಿ ಕೊನೆಯವರೆಗೂ ಕೇಳಿ, “ಸಹಿ ಯಾರ್ಯಾರದು?” ಎಂದಳು. ಕಸ್ತೂರಿ ಐದೂ ಹೆಸರು ಓದಿದಳು. ಐದನೆಯದು ‘ಬಾಲಪ್ಪ, ಗೌಂಡಿ’.

ಆಗ ಅವಳಿಗೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ. ಕೂಲಿ ತಪ್ಪಿದ್ದಕ್ಕೆ ಅಷ್ಟಾಗಿ ಅಲ್ಲ, ಕೂಲಿ ಬೇರೆ ಕಡೆ ಸಿಗುತ್ತದೆ. ತಾನು ಸತ್ತ ಮೇಲೂ ಆ ಕಾಗದ ಸರ್ಕಾರದ ಕಪಾಟಿನಲ್ಲಿ ಇರುತ್ತದೆ, ಸುರಪುರದ ಚಿತ್ರ ಯಾರಿಂದ ಹಾಳಾಯಿತು ಎಂದು ಯಾರಾದರೂ ತೆರೆದು ನೋಡಿದರೆ ತನ್ನ ಹೆಸರು ಕಾಣುತ್ತದೆ. ಅದು ಅವಳಿಗೆ ನುಂಗಲಾಗದ ತುತ್ತಾಯಿತು.

ಯಾದಗಿರಿಗೆ ಮೂರು ಸಲ ಹೋದಳು. ಶಹಾಪುರದಲ್ಲಿ ಬಸ್ಸು ಬದಲಿಸಿ, ಭೀಮಾ ಹೊಳೆ ದಾಟಿ, ಕಚೇರಿಯ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತು, ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ’ ಎಂದು ಕೇಳಿಸಿಕೊಂಡು ಎರಡು ಸಲ ಹಿಂದಿರುಗಿದಳು. ಮೂರನೇ ಸಲ ಸಾಹೇಬರು ಸಿಕ್ಕರು. ಹೆಸರು ಜಗದೇವಪ್ಪ, ಸರ್ಕಾರಿ ಕಟ್ಟಡಗಳ ಇಂಜಿನಿಯರು. ಇನ್ನೆರಡು ವರ್ಷಕ್ಕೆ ನಿವೃತ್ತಿ. ಯಾರ ಗೋಜಿಗೂ ಹೋಗದ ಮನುಷ್ಯ.

“ನೋಡಮ್ಮಾ, ವರದಿ ಮ್ಯಾಲ ಹೋಗ್ಯದ. ನಾ ಏನ್ ಮಾಡ್ಲಿ?” ಎಂದರು.

“ನೀವು ಗ್ವಾಡಿ ನೋಡೀರೇನ್ರಿ ಸಾಹೇಬ್ರ?”

“ಫೋಟೋ ನೋಡೀನಿ.”

“ಹಂಗಾದ್ರ ಫೋಟೋದಾಗ ಎಡಾ ಯಾವ್ದು, ಬಲಾ ಯಾವ್ದು, ಅಷ್ಟು ಹೇಳ್ರಿ. ನಾ ಎದ್ದು ಹೋಗ್ತೀನಿ.”

ಜಗದೇವಪ್ಪ ಫೈಲು ತರಿಸಿದರು. ಆರು ಫೋಟೋ, ಆರರಲ್ಲೂ ನೆಲಕ್ಕೆ ಬಿದ್ದ ಚಕ್ಕೆಗಳೇ. ಇಡೀ ಗೋಡೆಯದು ಒಂದೂ ಇಲ್ಲ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಸಹಿ ಹಾಕಿದ ಐವರಲ್ಲಿ ಅವರೂ ಒಬ್ಬರು. ಎಷ್ಟಾದರೂ ಮೂವತ್ತು ವರ್ಷ ಕಟ್ಟಡ ಕಟ್ಟಿಸಿದ ಮನುಷ್ಯ, ಎಲ್ಲೋ ಒಂದು ಕಡೆ ಚುಚ್ಚಿತು. “ಸೋಮವಾರ ಬರ್ತೀನಿ, ನಡೀ” ಎಂದರು.

ಸೋಮವಾರ ವಾಡೆಯ ನಡುಮನೆಯಲ್ಲಿ ಜಗದೇವಪ್ಪ, ಚೇತನಕುಮಾರ, ಬಾಲಪ್ಪ ನಿಂತಿದ್ದರು. ಮಕ್ತುಂಬಿ ಕಸ್ತೂರಿಯನ್ನು ಕರೆದುಕೊಂಡು ಬಂದಳು. ಸಲಾಮು ಮಾಡಿ, “ಸಾಹೇಬ್ರ, ಒಂಬತ್ತನೇ ಪುಟ ಗ್ವಾಡಿ ಮುಂದ ನಿಂತು ದೊಡ್ಡ ದನೀಲೆ ಓದ್ರಿ. ಪೂರಾ ಓದ್ರಿ. ನಾ ಎಲ್ಲಿ ಮಣ್ಣು ಮೆತ್ತೀನಿ ಅಂತ ಬರದಾರಲ್ಲ, ಅದನ್ನೂ ಓದ್ರಿ” ಎಂದಳು.

ಜಗದೇವಪ್ಪ ಓದಿದರು. ಅವಳ ಹೆಸರಿನ ಸಾಲಿನ ಕೆಳಗೆ ಇನ್ನೊಂದು ಸಾಲಿತ್ತು. “‘ಸದರಿ ಒದ್ದೆ ಮಣ್ಣನ್ನು ಗೋಡೆಯ ಎಡ ಅಂಚಿಗೆ, ಸುಮಾರು ನಾಲ್ಕು ಅಡಿ ಅಗಲಕ್ಕೆ, ಮೆತ್ತಲಾಗಿತ್ತು…’”

ಓದುತ್ತಾ ತಲೆಯೆತ್ತಿದರು. ಹದಿನಾರು ಅಡಿ ಗೋಡೆಯಲ್ಲಿ ಹನ್ನೆರಡು ಅಡಿ ಬೋಳು ಕಲ್ಲು. ಎಡ ಅಂಚಿನ ನಾಲ್ಕಡಿಯಲ್ಲಿ ಬಳ್ಳಿ ಹಾಗೇ ಇತ್ತು, ಹೆಣ್ಣುಮಗಳು ಹಾಗೇ ನಿಂತಿದ್ದಳು, ಗಿಳಿಯ ಕೊಕ್ಕಿನ ಕೆಂಪೂ ಮಾಸಿರಲಿಲ್ಲ. ಮಣ್ಣು ಮೆತ್ತಿದ ಜಾಗಕ್ಕೂ ಮೆತ್ತದ ಜಾಗಕ್ಕೂ ನಡುವೆ ಗೀಟು ಎಳೆದಷ್ಟು ನೇರವಾದ ಗಡಿ.

“ಸರ್, ತೇವ ಪಕ್ಕಕ್ಕೆ ಹರಿದಿರಬಹುದು…” ಎಂದ ಚೇತನಕುಮಾರ.

“ತಾ ಇದ್ದ ಜಾಗ ಬಿಟ್ಟು ಆಜೂಬಾಜೂದವರ ಮನಿ ಕೆಡಸ್ತದೇನಪಾ ತೇವ?” ಎಂದರು ಜಗದೇವಪ್ಪ. ಕಸ್ತೂರಿ ಸೀಳಿದ ಗಚ್ಚಿನ ತುಂಡುಗಳನ್ನು ತೆಗೆದು ಅವರ ಕೈಗಿತ್ತು ನಡೆದದ್ದನ್ನೆಲ್ಲ ಹೇಳಿದಳು. ಹುಡುಗನ ಕಿವಿ ಕೆಂಪಾದವು. “ಬೇರೆ ಉಪ್ಪಿನ ಪಟ್ಟಿ ತರಿಸಬೇಕಿತ್ತು ಸರ್. ಟೈಮ್ ಇರಲಿಲ್ಲ” ಎಂದ ಕೊನೆಗೆ. ಜಗದೇವಪ್ಪ ಬಾ‌ಲಪ್ಪನ ಕಡೆ ತಿರುಗಿದರು. ಅವನು, “ಸಹಿ ಮಾಡಂದ್ರು, ಮಾಡಿದ್ನಿರಿ. ಓದಲಿಲ್ಲ” ಎಂದು ನೆಲ ನೋಡಿದ.

ಜಗದೇವಪ್ಪ ಫೈಲು ಮುಚ್ಚಿ ಕಿಟಕಿಯ ತನಕ ಹೋಗಿ ಬಂದರು. ಆಮೇಲೆ ಹಾವೂ ಸಾಯದ ಕೋಲೂ ಮುರಿಯದ ದಾರಿ ಅವರಿಗೆ ಹೊಳೆಯಿತು. ಮುಖ ಅರಳಿತು.

“ಅಮ್ಮಾ, ನೀ ಹೇಳೂದು ಖರೇ ಅದ. ಒಂದು ಕೆಲಸ ಮಾಡ್ತೀನಿ. ತಿದ್ದುಪಡಿ ಕಳಿಸಿ ನಿನ್ನ ಹೆಸರು ತಗಸ್ತೀನಿ. ಹವಾಮಾನದಿಂದ ಬಿತ್ತು ಅಂತ ಬರಸ್ತೀನಿ. ನಿನ್ನ ಮ್ಯಾಲ ಏನೂ ಇರೂದಿಲ್ಲ. ಆತಲ್ಲ?”

ಚೇತನಕುಮಾರ ಉಸಿರು ಬಿಟ್ಟ. ಬಾಲಪ್ಪನೂ ಬಿಟ್ಟ. ಎಲ್ಲರಿಗೂ ಒಳ್ಳೆಯದಾಗುವ ಮಾತು. ಮಕ್ತುಂಬಿಯೂ ಕೈಮುಗಿದು ಹೊರಡುತ್ತಾಳೆ ಎಂದೇ ಅವರೆಲ್ಲ ತಿಳಿದರು.

“ಹೆಸರು ತೆಗೀಬ್ಯಾಡ್ರಿ” ಎಂದಳು ಅವಳು.

“ಅಂದ್ರ?”

“ನಲವತ್ತಾರು ವರ್ಷಕ್ಕ ಒಮ್ಮಿ ಬಂದದ. ಇರ್ಲಿ. ಹೆಸರು ಅಲ್ಲೇ ಇಟ್ಟು ಅದರ ಮುಂದಿನ ಮಾತು ಬದಲಿ ಮಾಡ್ರಿ. ಉಪ್ಪು ಯಾವುದಂತ ನೋಡದೇ ಔಷಧ ಹೊಡದ್ರು, ಹನ್ನೆರಡು ಅಡಿ ಬಿತ್ತು. ಮಕ್ತುಂಬಿ ಮಣ್ಣು ಮೆತ್ತಿದ್ದು ನಾಲ್ಕಡಿ, ಆ ನಾಲ್ಕಡಿ ಉಳೀತು. ಹಂಗ ಬರೀರಿ. ಹವಾಮಾನ ಅಂತೀರಿ, ಹವಾ ಬಂದು ಬಾಟಲಿ ಸುರುವ್ಯದೇನು?”

ಜಗದೇವಪ್ಪ ಅವಳ ಮುಖ ನೋಡಿದರು, ಗೋಡೆ ನೋಡಿದರು. ನಿವೃತ್ತಿಯನ್ನೂ ನೆನೆದಿರಬೇಕು. ಆದರೆ ಆ ನೇರವಾದ ಗಡಿ ಕಣ್ಣೆದುರಿಗೇ ಇತ್ತು. ಕಿಟಕಿಯ ಕಟ್ಟೆಯ ಮೇಲೆ ಫೈಲು ಇಟ್ಟುಕೊಂಡು, ಬಿಳಿ ಹಾಳೆ ತೆಗೆದು, ಪೆನ್ನು ಬಿಚ್ಚಿ ಬರೆಯತೊಡಗಿದರು. ಮಕ್ತುಂಬಿ ಪಕ್ಕದಲ್ಲೇ ನಿಂತಳು. ಮೂರನೇ ಇಯತ್ತೆಯವರೆಗೆ ಕಲಿತವಳು, ಅಕ್ಷರ ಕೂಡಿಸಿ ಓದುತ್ತಾಳೆ.

“ಇಲ್ಲಿ ಕೂಲಿ ಹೆಣ್ಣಾಳು ಅಂತ ಬರದೀರಿ” ಎಂದಳು, ಬೆರಳಿಟ್ಟು. “ಅದನ್ನ ಹೊಡದು ಹಾಕ್ರಿ. ಗೌಂಡಿ ಅಂತ ಬರೀರಿ.”

ಈಗ ಬಾಲಪ್ಪನಿಗೆ ಬಾಯಿ ಬಂತು. “ಅಲ್ಲರಿ ಸಾಹೇಬ್ರ, ಹೆಣ್ಮಕ್ಕಳ ಮುಂದ ಗೌಂಡಿ ಅಂತ ಬರಿಯೂ ರೂಢಿ ಇಲ್ಲ ನಮ್ಮಲ್ಲಿ. ಮಂದಿ ನಗ್ತಾರ.”

ಮಕ್ತುಂಬಿ ಅವನ ಕಡೆ ತಿರುಗಿದಳು.

“ಗ್ವಾಡಿ ಕೆಡಿಸಿದಾಕಿ ಅಂತ ಬರಿಯೂ ಮುಂದ ನಾ ಹೆಂಗಸಂತ ನಿಮಗ ಅಡ್ಡ ಬರಲಿಲ್ಲ. ಆವಾಗ ಎಲ್ಲಿ ಹೋಗಿತ್ತೋ ಬಾಲ್ಯಾ ನಿನ್ನ ರೂಢಿ? ಗ್ವಾಡಿ ಉಳಿಸಿದಾಕಿ ಅಂತ ಬರಿಯೂ ಮುಂದ ಎದ್ದು ಬಂತಾ?”

ಜಗದೇವಪ್ಪ ಎರಡು ಪದದ ಮೇಲೆ ಗೀಟು ಎಳೆದು, ಮೇಲೆ ಒಂದು ಪದ ಬರೆದು, ಕೆಳಗೆ ಸಹಿ ಮಾಡಿದರು.

“ಓದ್ರಿ” ಎಂದಳು ಮಕ್ತುಂಬಿ.

“‘ಮಕ್ತುಂಬಿ, ಗೌಂಡಿ, ಇವರು ಲೇಪ ಮಾಡಿದ ನಾಲ್ಕು ಅಡಿ ಭಾಗವು ಸುಸ್ಥಿತಿಯಲ್ಲಿ ಉಳಿದಿರುತ್ತದೆ.’”

“ಇನ್ನೊಮ್ಮಿ ಓದ್ರಿ ಸಾಹೇಬ್ರ. ಬಾಲಪ್ಪಗ ಕೇಳಿಸಿಲ್ಲ.”